ಸೂರಮ್ಮ ಸಮುದ್ರಕ್ಕೆ ಒಯ್ದ ಹಾಲು

ನಮ್ಮ ಟ್ರಕ್ಕಿನಲ್ಲಿ ಸೂರಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಸ್ಟೀರಿಂಗ್ ಹಿಡಿಯುವವನು ನಾನು, ಆದರೆ ಗಾಡಿ ಎಲ್ಲಿ ನಿಲ್ಲಬೇಕು ಎಂದು ಹೇಳುವವಳು ಅವಳು. "ಲೇ ಜುಲ್ಪಿ, ನೆಳ್ಳಿಗೆ ಹಾಕೋ ಗಾಡೀನ, ಸೊಪ್ಪು ಬಾಡ್ತೈತೆ" ಎಂದು ಹಿಂದಿನಿಂದ ಕೂಗಿದರೆ ಮುಗಿಯಿತು, ಬ್ರೇಕ್ ಒತ್ತಲೇಬೇಕು. ಜುಲ್ಫಿಕರ್ ಎಂದು ಅಪ್ಪ ಇಟ್ಟ ಹೆಸರನ್ನು ಪೂರ್ತಿ ಕರೆಯುವಷ್ಟು ಪುರುಸೊತ್ತು ಅವಳಿಗೆ ಯಾವತ್ತೂ ಇರಲಿಲ್ಲ.

ಟ್ರಕ್ಕು ಚಳ್ಳಕೆರೆಯ ಮುರುಗೇಂದ್ರಪ್ಪ ಸಾಹುಕಾರರದು. ಅವರ ಎಣ್ಣೆ ಮಿಲ್ಲು ನಿಂತ ಮೇಲೆ, ಶೇಂಗಾ ಹೊರುತ್ತಿದ್ದ ಹಳೆ ಲಾರಿಯನ್ನು ನಮ್ಮ ಗ್ಯಾರೇಜಿಗೆ ತಂದು ನಿಲ್ಲಿಸಿ "ಇದನ್ನ ಮನೆ ಮಾಡು" ಎಂದರು. ನಾನೂ ಅಪ್ಪನೂ ಸೇರಿ ಮಾಡಿದೆವು. ದೊಡ್ಡ ಕಿಟಕಿ, ಮೆತ್ತನೆಯ ಸೀಟು, ಗಾಡಿಯ ನೆತ್ತಿಯ ಮೇಲೆ ಮಲಗಲು ಡೇರೆಗಳು. ಪಕ್ಕದ ತಗಡಿನ ಬಾಗಿಲು ಎತ್ತಿದರೆ ಅಡುಗೆಕಟ್ಟೆ, ಅಲ್ಲಿ ಅಡುಗೆಯವಳು ಸೂರಮ್ಮ. ಬೆಂಗಳೂರಿನ ಜನ ಅದರಲ್ಲಿ ಕೂತು ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನದ ಬಂಡೆ ನೋಡಿ, ಘಟ್ಟ ಇಳಿದು, ಕಡಲತೀರ ಹಿಡಿದು ಮುರುಡೇಶ್ವರಕ್ಕೆ ಹೋಗುತ್ತಾರೆ. ಅಲ್ಲಿಂದ ದೋಣಿಯಲ್ಲಿ ತಿಮಿಂಗಿಲ ನೋಡಲು ಹೊರಡುತ್ತಾರೆ. ಹೋದಾಗಲೆಲ್ಲ ಕಾಣುತ್ತದೆಯೇ? ಕಾಣದ ದಿನ ನನ್ನ ಮುಖ ನೋಡುತ್ತಾರೆ, ನಾನೇ ಅದನ್ನು ಸೀಟಿನ ಕೆಳಗೆ ಬಚ್ಚಿಟ್ಟಿದ್ದೇನೆ ಎಂಬಂತೆ.

ಸೂರಮ್ಮನದು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಕಡೆಯ ಒಂದು ಹಟ್ಟಿ. ಗಂಡ ಸತ್ತ ಮೇಲೆ ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ಕಂಡಿಕೆಗೆ ರೇಷ್ಮೆ ನೂಲು ಸುತ್ತಿದಳು, ಮದುವೆಮನೆಗಳಲ್ಲಿ ಅಡುಗೆಗೆ ನಿಂತಳು, ಹಾಗೇ ಮಗ ಅಂಜಿನೇಯನನ್ನು ದೊಡ್ಡವನನ್ನಾಗಿ ಮಾಡಿದಳು. ಅವನಿಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಆಗಿಬರಲಿಲ್ಲ. ಕಡಲ ಕಡೆ ಮೀನಿನ ಬೋಟುಗಳಲ್ಲಿ ಆಂಧ್ರದವರ ತಂಡಗಳಿರುತ್ತವೆ; ನಮ್ಮ ಗಡಿಯ ಹುಡುಗರಿಗೆ ತೆಲುಗು ನೀರು ಕುಡಿದಂತೆ ಬರುತ್ತದೆ. ಆ ತೆಲುಗೇ ಅವನಿಗೆ ಕೆಲಸ ಕೊಡಿಸಿತು. ಈಜು ಮಾತ್ರ ಬರುತ್ತಿರಲಿಲ್ಲ. ಆಶಾಳನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಕಡಲ ನಡುವಿನ ನೇತ್ರಾಣಿ ಗುಡ್ಡದ ಆಚೆ ಬಲೆ ಎಳೆಯುವಾಗ ಗಾಳಿ ಎದ್ದು, ಕಾಲು ಜಾರಿ ನೀರಿಗೆ ಬಿದ್ದ. ಹುಡುಕಿದರು. ಹೆಣ ಸಿಗಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಅವರಲ್ಲಿ ಮಣ್ಣು ಮಾಡಿದ ಮೂರನೇ ದಿನ ಮನೆಯ ಹಸುವಿನ ಹಾಲು, ತುಪ್ಪ ಒಯ್ದು ಸತ್ತವರ ಮೇಲೆ ಬಿಡುತ್ತಾರೆ. ಹಾಲುತುಪ್ಪ ಬಿಟ್ಟರೆ ಸತ್ತವನು ಸತ್ತ ಹಾಗೆ. ಬಿಡದಿದ್ದರೆ ಇನ್ನೂ ಮನೆಯವನೇ. ಸೂರಮ್ಮ ಬಿಡಲಿಲ್ಲ. "ಎಲ್ಲೈತೆ ಹೆಣ? ತೋರ್ಸ್ರಿ, ಬಿಡ್ತೀನಿ" ಎಂದು ಹಿರಿಯರ ಬಾಯನ್ನೇ ಮುಚ್ಚಿಸಿ ಕಳಿಸಿದಳು. ಆಶಾ ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ, ಕೈತುಂಬ ಹಸಿರು ಬಳೆ ತೊಟ್ಟು ನಮ್ಮ ಟ್ರಕ್ಕಿನಲ್ಲಿ ಅತ್ತೆಯ ಹಿಂದೆ ಸೌಟು ಹಿಡಿದು ತಿರುಗಿದಳು.

ತಿಪ್ಪೇರುದ್ರ ಎಂಬ ಹುಡುಗ ಅದೇ ಹಟ್ಟಿಯವನು, ಹೆಂಡತಿ ತೀರಿಕೊಂಡವನು. ಆಶಾಳನ್ನು ಉಡಿಕೆ ಮಾಡಿಕೊಳ್ಳುತ್ತೇನೆಂದು, ಅಂದರೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುತ್ತೇನೆಂದು ಕೇಳಿದ. ಆಶಾ ಬೇಡ ಎನ್ನಲಿಲ್ಲ. ನಾಚಿಕೆಯೋ ಭಯವೋ, ಹೂಂ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಹಿರಿಯ ಬೊಮ್ಮಲಿಂಗಪ್ಪ ಕಡ್ಡಿ ಮುರಿದಂತೆ ಹೇಳಿದ: "ಅಂಜಿನೇಯನಿಗೆ ಹಾಲು ಬಿಡೋ ತನಕ ಆ ಹುಡ್ಗಿ ಅವನ ಹೆಂಡ್ತೀನೇ. ಸಮುದ್ರದಾಗೆ ಹೋದೋನಿಗೆ ಸಮುದ್ರಕ್ಕೇ ಬಿಡ್ರಿ. ಈ ಸುಗ್ಗಿ ದಾಟಿದ್ರೆ ಆ ಹುಡುಗ ಬೇರೆ ಕಡೆ ಹೆಣ್ಣು ನೋಡ್ತಾನೆ, ನಾನೇ ನೋಡು ಅಂತೀನಿ."

ನನಗೆ ಸೂರಮ್ಮನ ಮೇಲೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಆ ಹುಡುಗಿಯ ವಯಸ್ಸೆಷ್ಟು! "ಅವ್ವಾ, ನಿನ್ನ ಹಟಕ್ಕೆ ಅವಳ ಬಾಳು ಯಾಕೆ ಹಾಳ್ ಮಾಡ್ತೀಯಾ?" ಎಂದು ಒಮ್ಮೆ ಕೇಳಿಯೇಬಿಟ್ಟೆ. ಆ ದಿನ ನನ್ನ ತಟ್ಟೆಗೆ ಸಾರು ಬೀಳಲಿಲ್ಲ. ಮುಂದಿನ ಟ್ರಿಪ್ಪಿಗೆ ಹೊರಡುವ ಬೆಳಿಗ್ಗೆ ಮಾತ್ರ ಅವಳು ಒಂದು ಸಣ್ಣ ಸ್ಟೀಲ್ ಕ್ಯಾನು ತಂದು ನನ್ನ ಕೈಗೆ ಕೊಟ್ಟಳು. "ಐಸ್ ಪೆಟ್ಟಿಗೇಲಿ ಇಡು. ಮನೆ ಹಸೀನ ಹಾಲು. ಯಾರೂ ಮುಟ್ಟಂಗಿಲ್ಲ" ಎಂದಳು. ಮುಖ ನೋಡಿದೆ, ರಾತ್ರಿಯಿಡೀ ಅತ್ತಿದ್ದಳು.

ಅದುವರೆಗೆ ಅವಳು ಮುರುಡೇಶ್ವರದಲ್ಲಿ ಗಾಡಿ ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಸಮುದ್ರಕ್ಕೆ ಬೆನ್ನು ಹಾಕಿಯೇ ಈರುಳ್ಳಿ ಹೆಚ್ಚುತ್ತಿದ್ದಳು. ಈ ಸಲ ದೋಣಿ ಹತ್ತುತ್ತೇನೆ ಎಂದಾಗ ನಮ್ಮ ಗೈಡ್ ಹುಡುಗಿ ದೀಪಿಕಾ ನನ್ನನ್ನು ಪಕ್ಕಕ್ಕೆ ಕರೆದಳು. ವಿಷಯ ಹೇಳಿದೆ. ಪಾಪ, ಅವಳ ಕಣ್ಣಲ್ಲಿ ನೀರು ಬಂತು. ಪ್ರವಾಸಿಗರಿಗೆ ಏನೂ ಹೇಳದೆ ಸೂರಮ್ಮ, ಆಶಾ, ನಾನು, ಮೂವರಿಗೂ ಹಿಂದುಗಡೆ ಜಾಗ ಮಾಡಿಕೊಟ್ಟಳು.

ಮೋಡ ಕವಿದ ದಿನ. ದಡ ಹಿಂದೆ ಉಳಿದಂತೆ ನೀರಿನ ಬಣ್ಣ ಕಪ್ಪಾಗುತ್ತಾ ಹೋಯಿತು. ಸೂರಮ್ಮ ಕ್ಯಾನನ್ನು ಸೆರಗಿನೊಳಗೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಆಶಾಳ ರಟ್ಟೆ ಹಿಡಿದು ಕೂತಿದ್ದಳು.

"ಇದಕ್ಕೆ ಆಚೆ ದಡ ಇಲ್ವೇನೋ ಜುಲ್ಪಿ?"

"ಐತೆ ಅವ್ವಾ. ಅರಬ್ ದೇಶ."

"ಅಲ್ಲಿಗೆ ತೇಲ್ಕೊಂಡು ಹೋಗಿದ್ರೆ?"

ನೇತ್ರಾಣಿ ಗುಡ್ಡ ದಾಟಿದ ಮೇಲೆ ದೋಣಿಯವನು ಇಂಜಿನ್ ನಿಲ್ಲಿಸಿದ. ಮುಂದುಗಡೆ ಜನ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. "ಇಲ್ಲೇ ಅವ್ವಾ, ಈ ಕಡೇನೇ ಅಂತೆ" ಎಂದೆ. ಸೂರಮ್ಮ ಎದ್ದು ಕಟಕಟೆಗೆ ಒರಗಿದಳು. ಕ್ಯಾನಿನ ಮುಚ್ಚಳ ತೆಗೆದಳು. ಆಶಾ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗಂಡನಿಗಾಗಿ ಅಳುತ್ತಿದ್ದಾಳೋ ತನಗಾಗಿಯೋ, ಎರಡೂ ಇರಬೇಕು.

"ಬಂದೀನಿ ಕಣೋ ಮಗನೇ, ಎಲ್ಲಿದ್ದೀಯೋ" ಎಂದು ಸೂರಮ್ಮ ಕ್ಯಾನು ಬಗ್ಗಿಸಬೇಕು, ಅಷ್ಟರಲ್ಲಿ ಬುಸ್ಸೆಂದು ಸದ್ದಾಯಿತು. ನಮ್ಮೆದುರೇ, ಒಂದು ತೆಂಗಿನಮರದಷ್ಟು ದೂರದಲ್ಲಿ, ನೀರಿನಿಂದ ಹೊಗೆಯಂಥದ್ದು ಚಿಮ್ಮಿತು. ಹಿಂದೆಯೇ ಕಪ್ಪು ಬೆನ್ನೊಂದು ಎದ್ದಿತು. ಎದ್ದಿತು, ಎದ್ದಿತು, ಮುಗಿಯುವುದೇ ಇಲ್ಲವೇನೋ ಎನ್ನಿಸಿತು. ಯಾ ಅಲ್ಲಾ ಎಂದು ನನ್ನ ಬಾಯಿಂದಲೇ ಬಂತು. ಜನರೆಲ್ಲ ಕಿರುಚುತ್ತಾ ನಮ್ಮ ಕಡೆ ನುಗ್ಗಿದರು. ಅದು ಮೆಲ್ಲಗೆ ಮುಳುಗಿತು.

"ಹೋಯ್ತಾ?" ಎಂದಳು ಸೂರಮ್ಮ.

"ಇಲ್ಲ ಅಜ್ಜಿ, ಮತ್ತೆ ಬರುತ್ತೆ" ಎಂದಳು ದೀಪಿಕಾ, ಅವಳ ಹೆಗಲು ಹಿಡಿದು. "ಅದು ಮೀನಲ್ಲ. ನಮ್ಮ ಥರಾನೇ ಗಾಳಿ ಉಸಿರಾಡೋದು. ಎಷ್ಟೇ ಹೊತ್ತು ಒಳಗಿದ್ದರೂ ಮೇಲೆ ಬರಲೇಬೇಕು."

ಆ ಹುಡುಗಿ ಒಳ್ಳೆಯದಕ್ಕೇ ಹೇಳಿದ್ದು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಬಹಳ ಹೊತ್ತು ನೀರು ಸುಮ್ಮನಿತ್ತು. ಆಮೇಲೆ ಬೇರೆ ಕಡೆ, ಯಾರೂ ನೋಡದ ಕಡೆ ಮತ್ತೆ ಬುಸ್ಸೆಂದಿತು. ಸೂರಮ್ಮನ ಮುಖ ಅರಳಿದ್ದನ್ನು ನಾನು ಕಂಡೆ. ಅವಳು ಕ್ಯಾನಿನ ಮುಚ್ಚಳವನ್ನು ಗಟ್ಟಿಯಾಗಿ ಹಾಕಿದಳು.

"ಅವ್ವಾ, ಹಾಲು..."

"ಸುಮ್ನಿರೋ. ಇಷ್ಟು ದೊಡ್ಡ ಜೀವ, ಅದೇ ನೀರೊಳಗೆ ಇದ್ದು ಉಸಿರಿಗೆ ಬರ್ತೈತೆ. ಅದ್ರ ಮುಂದೆ ನನ್ನ ಮಗ ಇಷ್ಟೇ ಇಷ್ಟು. ಬರ್ದೇ ಎಲ್ಲಿ ಹೋಗ್ತಾನೆ? ಬದುಕಿರೋನ ಬಾಯಿಗೆ ಮಣ್ಣು ಹಾಕೋಕೆ ಹೊಂಟಿದ್ನಲ್ಲೋ, ಪಾಪಿ ನಾನು!"

ಆಶಾ ಸೆರಗಿನೊಳಗೇ ಕೂತಳು. ದಡ ಮುಟ್ಟುವ ತನಕ ತಲೆ ಎತ್ತಲಿಲ್ಲ.

ದಡದಲ್ಲಿ ಸಂಭ್ರಮವೋ ಸಂಭ್ರಮ. ತಿಮಿಂಗಿಲ ಕಂಡವರಿಗೆಲ್ಲ ಬಿಸಿ ಬಿಸಿ ಟೀ ಬೇಕಿತ್ತು, ಪ್ಯಾಕೆಟ್ ಹಾಲು ಮುಗಿದಿತ್ತು. ಸೂರಮ್ಮ ತಗಡಿನ ಬಾಗಿಲು ಎತ್ತಿ, ಆ ಕ್ಯಾನಿನ ಹಾಲನ್ನೇ ಪಾತ್ರೆಗೆ ಸುರಿದಳು. "ಇದಕ್ಕಿನ್ನು ಬೇರೆ ಕೆಲ್ಸ ಇಲ್ಲ" ಎಂದು ಶುಂಠಿ ಜಜ್ಜಿ ಹಾಕಿದಳು, ಕೈಬಿಚ್ಚಿ ಸಕ್ಕರೆ ಹಾಕಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಕಂಡದ್ದೇ ಇಲ್ಲ. ಎಲ್ಲರೂ ಕುಡಿದರು. ನಾನು ಲೋಟವನ್ನು ಬಾನೆಟ್ಟಿನ ಮೇಲೆ ಇಟ್ಟೆ.

ಆಶಾ ತನ್ನ ಲೋಟ ಹಿಡಿದು ಒಬ್ಬಳೇ ಅಲೆಯ ಕಡೆ ನಡೆದಳು. ಮೊಣಕಾಲಿನವರೆಗೆ ನೀರಿಗಿಳಿದಳು. ಎರಡೂ ಕೈಯಲ್ಲಿ ಲೋಟ ಎತ್ತಿ ಹಣೆಗೆ ಮುಟ್ಟಿಸಿ, ಟೀಯನ್ನು ಪೂರ್ತಿ ಸಮುದ್ರಕ್ಕೆ ಬಿಟ್ಟಳು. ಲೋಟವನ್ನೂ ಬಿಟ್ಟುಬಿಟ್ಟಳು. ತಿರುಗಿ ಬರುವಾಗ ನನ್ನನ್ನು ನೋಡಿದಳು. ಪಾತ್ರೆ ತಿಕ್ಕುತ್ತಿದ್ದ ಸೂರಮ್ಮ ಈ ಕಡೆ ನೋಡಿರಲಿಲ್ಲ.

ಹಟ್ಟಿಗೆ ಗಾಡಿ ಮುಟ್ಟಿದಾಗ ಬೊಮ್ಮಲಿಂಗಪ್ಪನೂ ಇನ್ನಿಬ್ಬರು ಹಿರಿಯರೂ ಬೇವಿನ ಕಟ್ಟೆಯ ಮೇಲೆ ಕಾದಿದ್ದರು. ದೂರದಲ್ಲಿ ತಿಪ್ಪೇರುದ್ರ ನಿಂತಿದ್ದ. ಸೂರಮ್ಮ ಇಳಿಯುವ ಮೊದಲೇ ಕೂಗಿದಳು: "ಬಿಡ್ಲಿಲ್ಲ! ನನ್ನ ಮಗ ಬದುಕವ್ನೆ!"

ತಿಪ್ಪೇರುದ್ರ ತಲೆ ತಗ್ಗಿಸಿ ಹೊರಟ. ಆಶಾ ಟ್ರಕ್ಕಿನ ಮೆಟ್ಟಿಲು ಹಿಡಿದು ಕಲ್ಲಾಗಿ ನಿಂತಳು. ಬೊಮ್ಮಲಿಂಗಪ್ಪ ನನ್ನ ಕಡೆ ತಿರುಗಿದ. "ಸಾಬ್ರೇ, ನೀವು ದೋಣೀಲಿ ಇದ್ರಲ್ಲ. ನಿಜ ಹೇಳ್ರಿ. ಹಾಲು ನೀರಿಗೆ ಬಿತ್ತೋ ಇಲ್ವೋ?"

ಬೇರೆಯವರ ಮನೆಯ ಕಾರ್ಯದಲ್ಲಿ ನನಗೇನು ಕೆಲಸ? ಆದರೆ ಆಶಾ ಮತ್ತೆ ನನ್ನನ್ನು ನೋಡುತ್ತಿದ್ದಳು, ಅಲೆಯಿಂದ ಬರುವಾಗ ನೋಡಿದ ಹಾಗೆಯೇ.

"ಬಿತ್ತು, ಯಜಮಾನ್ರೇ. ಮನೆ ಹಸೀನ ಹಾಲೇ. ಅವನ ಹೆಂಡ್ತಿ ಕೈಯಿಂದಾನೇ ಸಮುದ್ರಕ್ಕೆ ಬಿತ್ತು. ನಾನು ಕಣ್ಣಾರೆ ಕಂಡೀನಿ."

ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಹೆಂಡತಿ ಬಿಟ್ಟರೂ ನಡೆಯುತ್ತದೆ ಎಂದರು. ತಿಪ್ಪೇರುದ್ರ ಅಲ್ಲೇ ನಿಂತ.

ಸೂರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಯಾವಾಗ ಬಿಟ್ಟೆಯೇ?" ಎಂದಳು ಸೊಸೆಗೆ.

"ನೀವು ಟೀ ಕೊಟ್ರಲ್ಲ ಅತ್ತೆ, ಅವಾಗ."

ಸೂರಮ್ಮ ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. "ಜುಲ್ಪೀ, ನಾನೇ ಕಾಸಿ ಕೊಟ್ನಲ್ಲೋ" ಎಂದಳು. "ಸಕ್ರೆ ಹಾಕಿ, ನನ್ನ ಕೈಯಾರೆ ಕೊಟ್ನಲ್ಲೋ." ಹಾಗೆಂದು ಟ್ರಕ್ಕಿನ ಚಕ್ರಕ್ಕೆ ಒರಗಿ ನೆಲಕ್ಕೆ ಕುಸಿದು, ಮಗನ ಹೆಸರು ಹಿಡಿದು ಎದೆ ಬಡಿದುಕೊಂಡು ಅಳತೊಡಗಿದಳು. ಮಗ ಹೋದ ಸುದ್ದಿ ಬಂದಾಗಲೂ ಅವಳು ಹಾಗೆ ಅತ್ತಿರಲಿಲ್ಲವಂತೆ. ಆಶಾ ಹೋಗಿ ಅವಳ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. ಮನೆಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಹೊರಬಂದು, ಆ ದಿನವೇ ಸಾವಾದ ಮನೆಗೆ ಬಂದವರಂತೆ ಸುತ್ತಲೂ ಕೂತರು. ನಾನು ಗಾಡಿ ತೆಗೆಯುವಂತಿರಲಿಲ್ಲ.