ಅಕ್ಬರಿಯ ಎಕ್ಸಾಕ್ಟು

ತಣಿಸಂದ್ರದಲ್ಲಿ ಟೈಲರ್ ಅಕ್ಬರಿಯ ಅಂಗಡಿಗೆ ಬರುವ ಹೆಂಗಸರೆಲ್ಲ ಹೊಸ ಬಟ್ಟೆಯ ಜೊತೆಗೆ ಅಳತೆಗೆಂದು ಒಂದು ಹಳೆಯ ರವಿಕೆಯನ್ನೂ ತರುತ್ತಾರೆ. ಅದನ್ನು ಮೇಜಿನ ಮೇಲೆ ಹರಡಿ, ಸುಕ್ಕು ಸವರಿ, ಎಕ್ಸಾಕ್ಟಾಗಿ ಹೀಗೇ ಇರಬೇಕು ಎನ್ನುತ್ತಾರೆ. ಕಾಲೇಜು ಹುಡುಗಿಯರ ಬಾಯಲ್ಲಿ ಆ ಮಾತಿಗೆ ಮೈಗೆ ಅಂಟಿಕೊಳ್ಳಬೇಕೆಂದು ಅರ್ಥ. ಬಸುರಿಯರ ಬಾಯಲ್ಲಿ ಸಡಿಲವಾಗಿರಲಿ ಎಂದು. ಹೇಳುವವರ ಮುಖ ನೋಡದೆ ಬಟ್ಟೆಗೆ ಕತ್ತರಿ ಹಾಕಬಾರದೆಂದು ಅಕ್ಬರಿ ಬಹಳ ಹಿಂದೆಯೇ ಕಲಿತಿದ್ದಾಳೆ.

ಹೋದ ಶ್ರಾವಣದಲ್ಲಿ ಅಮೃತಹಳ್ಳಿಯ ಸುಬ್ಬಮ್ಮ ಬಂದಳು. ತಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಆರತಿ ಎತ್ತುವವಳು ಅವಳೇ. ಅಳತೆಗೆ ತಂದದ್ದು ಮಗನ ಮದುವೆಗೆ ಹೊಲಿಸಿದ್ದ ರವಿಕೆ. ಆ ಮಗನ ಮಕ್ಕಳೀಗ ಹೈಸ್ಕೂಲಿನಲ್ಲಿದ್ದಾರೆ.

ಅಕ್ಬರಿ ರವಿಕೆಯನ್ನು ನೋಡಿದಳು, ಸುಬ್ಬಮ್ಮನನ್ನು ನೋಡಿದಳು, ಮೆಲ್ಲಗೆ ಟೇಪಿಗೆ ಕೈ ಚಾಚಿದಳು.

"ಟೇಪೆಲ್ಲ ಯಾಕೆ? ಇಂಗೇ ಇರ್ಬೇಕು. ಎಕ್ಸಾಕ್ಟು."

"ಒಂಚೂರು ಲೂಸ್ ಇಡ್ಲಾ ಅಕ್ಕ?"

"ಯಾಕೆ, ನಾನೇನ್ ದಪ್ಪ ಆಗಿದೀನಾ?"

ಅಕ್ಬರಿ ಗುಂಡಿಯ ಡಬ್ಬಿಯಲ್ಲಿ ಏನನ್ನೋ ಹುಡುಕತೊಡಗಿದಳು.

ಗೃಹಪ್ರವೇಶದ ಹಿಂದಿನ ದಿನ ಸುಬ್ಬಮ್ಮ ಹೊಸ ರವಿಕೆ ಹಿಡಿದು ಪರದೆಯ ಹಿಂದೆ ಹೋದಳು. ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಎರಡು ತೋಳುಗಳೂ ಮೈಯಿಂದ ದೂರ ನಿಂತಿದ್ದವು, ರೆಕ್ಕೆ ಒಣಗಿಸುವ ನೀರುಕಾಗೆಯ ಹಾಗೆ. ಎಕ್ಸಾಕ್ಟಾಗಿದೆ ಎಂದಳು, ಅರ್ಧ ಉಸಿರಿನಲ್ಲಿ.

ಅಕ್ಬರಿ ಗುಂಡುಸೂಜಿಯ ತಟ್ಟೆ ಕೊಟ್ಟು ಒಂದು ಸಲ ಆರತಿ ಎತ್ತಿ ನೋಡಲು ಹೇಳಿದಳು. ತಟ್ಟೆ ಎದೆಯವರೆಗೆ ಬಂದು ನಿಂತಿತು. ಸುಬ್ಬಮ್ಮನ ಮುಖ ಸಪ್ಪಗಾಯಿತು.

"ನಾಳೆ ನೆಂಟರೆಲ್ಲ ನೋಡ್ತಾರೆ ಕಣೆ."

"ನಿಮ್ದೇನಿಲ್ಲ ಅಕ್ಕ. ಮಳೆಗೆ ದಾರ ಬಿಗ್ದೈತೆ."

ಅಕ್ಬರಿ ಅವಳನ್ನು ತಿರುಗಿಸಿ, ಪಕ್ಕದ ಒಳಹೊಲಿಗೆಯ ದಾರದ ತುದಿ ಹಿಡಿದು ಎಳೆದಳು. ಉದ್ದುದ್ದ ಕಚ್ಚಾ ಹೊಲಿಗೆ ಸರಸರನೆ ಬಿಚ್ಚಿಕೊಂಡಿತು. ಆಮೇಲೆ ಇನ್ನೊಂದು ಪಕ್ಕ. ಅದರ ಆಚೆ, ಎರಡು ಬೆರಳಿನಷ್ಟು ದೂರದಲ್ಲಿ, ಗಟ್ಟಿ ಹೊಲಿಗೆಯೊಂದು ಮೊದಲ ದಿನದಿಂದಲೇ ಕಾಯುತ್ತಿತ್ತು.

ತಟ್ಟೆ ಈಗ ಹಣೆಯನ್ನೂ ದಾಟಿ ಮೇಲೇರಿತು. ಸುಬ್ಬಮ್ಮ ಕನ್ನಡಿಯ ಮುಂದೆ ಅತ್ತಿತ್ತ ತಿರುಗಿದಳು.

"ನೋಡ್ದಾ, ಅದೇ ಅಳತೆ. ನಾನ್ ಏಳ್ಲಿಲ್ವಾ?"

"ಎಕ್ಸಾಕ್ಟು ಅಕ್ಕ," ಎಂದಳು ಅಕ್ಬರಿ. ಕಿತ್ತ ದಾರವನ್ನು ಮುಷ್ಟಿಯಲ್ಲಿ ಮುದುಡಿಕೊಂಡು, ಹಳೆಯ ರವಿಕೆಯನ್ನು ನೀಟಾಗಿ ಮಡಚಿ ಸುಬ್ಬಮ್ಮನ ಚೀಲದಲ್ಲಿಟ್ಟಳು. ಮುಂದಿನ ಸಲವೂ ಅದೇ ಬರುತ್ತದೆ.