ಅವ್ವನ ಹಿಂಗಾರ, ಅಜ್ಜನ ತೋಟ

ನನ್ನ ಕೆಲಸ ಏನೆಂದು ಚನ್ನಗಿರಿಯ ನಮ್ಮ ನೆಂಟರಿಗೆ ಇವತ್ತಿಗೂ ಅರ್ಥವಾಗಿಲ್ಲ. ಹಳೆಯ ಕೆಸರಿನಲ್ಲಿ ಹೂವಿನ ಪರಾಗ ಹುಡುಕುತ್ತೇನೆ ಎಂದರೆ, "ಅದಕ್ಕೆ ಸಂಬಳಾನೂ ಕೊಡ್ತಾರಾ?" ಎನ್ನುತ್ತಾರೆ. ಕೊಡುತ್ತಾರೆ. ಪರಾಗದ ಸಿಪ್ಪೆ ಬಲು ಗಟ್ಟಿ. ನೀರು ನಿಂತ ಕೆಸರಿನಲ್ಲಿ ಸಾವಿರಾರು ವರ್ಷ ಕೊಳೆಯದೆ ಕೂತಿರುತ್ತದೆ. ಯಾವ ಪದರದಲ್ಲಿ ಕಾಡುಮರಗಳ ಪರಾಗ ಕಡಿಮೆಯಾಗಿ, ಹುಲ್ಲಿನದೂ ಇದ್ದಿಲ ಚೂರೂ ಹೆಚ್ಚಾಗುತ್ತವೋ, ಆ ಕಾಲಕ್ಕೆ ಮನುಷ್ಯ ಕೊಡಲಿ, ಬೆಂಕಿ ಹಿಡಿದು ಗುಡ್ಡ ಹತ್ತಿದ್ದಿರಬಹುದು. ನನ್ನ ಬದುಕೆಲ್ಲ ಇಂಥ 'ಬಹುದು'ಗಳಲ್ಲೇ ಕಳೆಯುತ್ತಿದೆ.

ನ್ಯಾಮತಿ ಕಡೆಯ ಒಂದು ಗುಡ್ಡದ ನೆತ್ತಿಯಲ್ಲಿ ಒರತೆಯೊಂದರ ಜೌಗಿದೆ. ದಾರಿ ತೋರಿಸಿದವರು ಸವಳಂಗದ ಒಬ್ಬ ಅಜ್ಜ. ಹತ್ತುವಾಗಲೇ ಶುರು ಮಾಡಿದರು: "ಈ ಒರತೆ ಹತ್ರ ನಮ್ಮ ಹಿರೇರು ಕಾಡು ಕಡ್ದು ಅಡಿಕೆ ತ್ವಾಟ ಮಾಡಿದ್ರಂತೆ ತಾಯಿ. ನಮ್ಮಪ್ಪ ಹೇಳ್ತಿದ್ದ. ಗುಡ್ಡದ ಮ್ಯಾಲೆ ಅಡಿಕೆ ಹೆಂಗೆ ಬೆಳೀತೈತೆ ಅಂತ ಊರಾಗೆ ಎಲ್ರೂ ನಗಾಡೋರು." ನನಗೂ ನಗು ಬಂತು. ಬೆವರು ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡೆ.

ಅವ್ವನೂ ಬಂದಿದ್ದಳು, ಬೇಡವೆಂದರೂ ಕೇಳದೆ. ನಮ್ಮ ಕಡೆ ಬೋರ್‌ವೆಲ್ ಕೊರೆಯುವುದಿರಲಿ, ಪಾಯ ತೋಡುವುದಿರಲಿ, ಪೂಜೆಯಿಲ್ಲದೆ ಕಬ್ಬಿಣ ನೆಲಕ್ಕಿಳಿಯುವುದಿಲ್ಲ. ನಾನು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಅವಳು ಕೆಸರು ತೆಗೆಯುವ ನನ್ನ ಕೊಳವೆಗೆ ಕುಂಕುಮ ಹಚ್ಚಿ, ಮನೆಯಿಂದ ತಂದಿದ್ದ ಹಿಂಗಾರದ, ಅಂದರೆ ಅಡಿಕೆ ಹೂವಿನ, ಒಂದು ಎಳೆಯನ್ನು ಅದರ ಬಾಯಿಗೆ ಸಿಕ್ಕಿಸಿ ಕಾಯಿ ಒಡೆದಾಗಿತ್ತು. ನಾನು ಹೂವು ತೆಗೆದು, ಕೊಳವೆ ಒರೆಸಿ ಕೆಸರಿಗೆ ಇಳಿಸಿದೆ.

ತಿಂಗಳುಗಟ್ಟಲೆ ಲ್ಯಾಬಿನಲ್ಲಿ ಕೂತ ಮೇಲೆ, ಕಾಡುಮರಗಳ ಪರಾಗ ಇಳಿದು ಇದ್ದಿಲು ಏರಿದ ಪದರದಲ್ಲೇ, ಅಕ್ಕಿಕಾಳಿನಂಥ ಮೈಗೆ ಒಂದೇ ಗೀರು ಬಿದ್ದ ಪರಾಗ ಕಂಡಿತು. ಈಚಲಿನದಿರಬೇಕೆಂದು ಹೋಲಿಸಿ ನೋಡಿದೆ. ಅಲ್ಲ, ಅಡಿಕೆಯದೇ. ಖುಷಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಫೋನ್ ಮಾಡಿದ ಮರುದಿನವೇ ಅಜ್ಜ ಬಸ್ಸು ಹತ್ತಿ ಬಂದರು. ಚಪ್ಪಲಿಯನ್ನು ಲ್ಯಾಬಿನ ಬಾಗಿಲಲ್ಲೇ ಬಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ನಮ್ಮಪ್ಪ ಹೇಳಿದ್ದು ಸುಳ್ಳಲ್ಲ ಹಂಗಾರೆ," ಎಂದರು. ಊರಿಗೆ ಹೋಗಿ ಕಂಡಕಂಡವರಿಗೆಲ್ಲ ಅದನ್ನೇ ಹೇಳಿದರು.

ಕೆಲವು ವಾರ ಕಳೆದು, ಅವ್ವ ದೇವರ ಮುಂದೆ ಹೂವಿಡುತ್ತಿದ್ದಾಗ ನನಗೆ ಆ ಹಿಂಗಾರ ನೆನಪಾಯಿತು. ನಾನು ಕಂಡ ಪರಾಗ ಅದರದ್ದೇ ಆಗಿದ್ದರೆ? ಕೊಳವೆಗೆ ತಗುಲಿದ್ದ ಅಂಚಿನ ಕೆಸರನ್ನು ಕೆರೆದು ಬಿಸಾಡಿ ಒಳಗಿನದನ್ನೇ ತೆಗೆದಿದ್ದೆ, ನಿಜ. ಆದರೆ ಪರಾಗ ಎಂಥ ಸಂದಿಯಲ್ಲೂ ನುಗ್ಗುತ್ತದೆ. ಆಸಿಡ್ಡಿನಲ್ಲಿ ಬೇಯಿಸಿದ ಮೇಲೆ ನಿನ್ನೆ ಉದುರಿದ್ದೂ ಸಾವಿರ ವರ್ಷದ ಹಿಂದಿನದೂ ನನ್ನ ಕಣ್ಣಿಗೆ ಒಂದೇ. ಅವ್ವನಿಗೆ ಇದನ್ನು ಹೇಳಿದರೆ, "ಪೂಜೆ ಮಾಡಿದ್ದಕ್ಕೇ ಸಿಕ್ಕೈತೆ ಅನ್ಕೋ, ಸುಮ್ನಿರು," ಎಂದಳು. ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅತ್ತ ದರಿ, ಇತ್ತ ಪುಲಿ. ತೋಟ ಇತ್ತು ಎಂದು ಬರೆಯುವಂತಿಲ್ಲ, ಇರಲಿಲ್ಲ ಎಂದೂ ಬರೆಯುವಂತಿಲ್ಲ.

ಉಳಿದದ್ದು ಒಂದೇ ದಾರಿ: ಹೂವಿಲ್ಲದೆ ಇನ್ನೊಮ್ಮೆ ಕೆಸರು ತೆಗೆಯುವುದು. ಅಜ್ಜನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

"ನಿಮ್ಮವ್ವಾರ ಹೂವು ಯಾವ್ದು, ನಮ್ಮ ತ್ವಾಟದ್ದು ಯಾವ್ದು ಅಂತ ಗೊತ್ತಾಗಲ್ಲೇನ್ರೀ?"

"ಇಲ್ಲ ಅಜ್ಜಾ. ಮತ್ತೆ ನೋಡಿದರೆ ಗೊತ್ತಾಗಬಹುದು."

"ಬರ್ರಿ ಹಂಗಾರೆ," ಎಂದರು.

ಈ ಸಲ ಅವ್ವನನ್ನು ಮನೆಯಲ್ಲೇ ಬಿಟ್ಟು ಹೋದೆ. ಅಜ್ಜ ಮುಂದೆ, ಕೊಳವೆ ಹೊತ್ತ ನಾನು ಹಿಂದೆ. ಅರ್ಧ ಗುಡ್ಡ ಹತ್ತಿದ ಮೇಲೆ ಅವರು ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಸುಸ್ತಾಯಿತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

"ಇವತ್ತು ಬ್ಯಾಡ್ರೀ ತಾಯಿ."

"ಇಷ್ಟು ದೂರ ಬಂದು ಬೇಡ ಅಂದ್ರೆ ಹೆಂಗೆ ಅಜ್ಜಾ?" ನನ್ನ ದನಿ ಏರಿತು.

"ನಮ್ಮಪ್ಪ ಸಾಯೋತನಕ ಸುಳ್ಳ ಅನ್ನಿಸ್ಕೊಂಡೇ ಸತ್ತ. ನಿಜ ಹೇಳ್ದೋನು ಅಂತ ಆಗಿ ಈಗಿನ್ನ ಎರಡು ತಿಂಗ್ಳಾಗೈತೆ. ಇನ್ನೊಂದು ಸ್ವಲ್ಪ ದಿನ ಇರ್ಲಿ ಬಿಡ್ರಿ."

ನಾನು ಕೊಳವೆ ಕೆಳಗಿಟ್ಟು ಅವರ ಪಕ್ಕದಲ್ಲೇ ಕೂತೆ.