ಕಡಲ ದಂಡೆಯ ಸೈಟು

ಅಮ್ಮ ತೀರಿಕೊಂಡ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ, ಅಪ್ಪನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗಿದ್ದೆ. ಗುಡ್ಡದಂಚಿನ ಕಾಲುದಾರಿಯಲ್ಲಿ ಸ್ವಲ್ಪ ನಡೆದರೆ ಯಾರೂ ಬಾರದ ಪುಟ್ಟ ಕಡಲತೀರವಿದೆ ಎಂದು ಲಾಡ್ಜಿನವರು ಹೇಳಿದ್ದರು. ದಾರಿಯುದ್ದಕ್ಕೂ ಕೆಳಗೆ ನೀರು ಹೊಳೆಯುತ್ತಿತ್ತು. ಚೆನ್ನಾಗಿದೆ ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಒಳಗೆ ಏನೂ ಆಗುತ್ತಿರಲಿಲ್ಲ. ಜೆ.ಪಿ. ನಗರದಿಂದ ಹೊರಟಾಗಿನಿಂದ ಅಪ್ಪ ಬಾಯಿ ಬಿಟ್ಟಿರಲಿಲ್ಲ.

ಮರಳಿಗೆ ಇಳಿದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು, ತೀರವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಥರ್ಟಿ ಫಾರ್ಟಿ ಸೈಟು ಎಷ್ಟಾಗ್ಬೋದು ಇಲ್ಲಿ?"

ನಮ್ಮ ಬೆಂಗಳೂರಿನವರಿಗೆ ಖಾಲಿ ಜಾಗ ಕಂಡರೆ ಬೇರೆ ಮಾತೇ ಬರುವುದಿಲ್ಲ. "ಒಂದಿಪ್ಪತ್ತಾಗ್ಬೋದು," ಎಂದು ಸಿಡುಕಿದೆ.

ಅಪ್ಪ ಇಳಿಯುತ್ತಿದ್ದ ಸೂರ್ಯನ ಕಡೆ ತಿರುಗಿ ನಿಂತರು.

"ಎಲ್ಲಾ ವೆಸ್ಟ್ ಫೇಸಿಂಗು. ನಿಮ್ಮಮ್ಮ ಒಪ್ತಿರ್ಲಿಲ್ಲ ಬಿಡು."